ಜಿಪ್ಸಿಗೆ ಅಗಲ ಮಾಡಿಸಿದ ರಿಮ್: ಓಡಿಸಬಹುದಾ, ಕಾನೂನು ಒಪ್ಪುತ್ತದಾ?

ಗಾಡಿ 2009ರ ಮಾರುತಿ ಜಿಪ್ಸಿ. ಊರು ಮೂಡಿಗೆರೆ ತಾಲ್ಲೂಕು. ಮಾಲೀಕರು ನನ್ನ ದೊಡ್ಡಮ್ಮನ ಮಗ, ಕಾಫಿ ತೋಟ ನೋಡಿಕೊಂಡಿರುವವರು. ಗಾಡಿಯ ಓಡಾಟ ಮೂರು ಥರ: ತೋಟದೊಳಗಿನ ಮಣ್ಣುದಾರಿ, ಪೇಟೆಗೆ ಹೋಗುವ ಡಾಂಬರು ರಸ್ತೆ, ಆಗಾಗ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಮಂಗಳೂರಿನ ಕಡೆ.

2024ರಲ್ಲಿ ಗಾಡಿಗೆ 15 ವರ್ಷ ತುಂಬಿತು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರ್ಮ್ 25 ತುಂಬಿ, ಗಾಡಿಯನ್ನು ಆರ್‌ಟಿಒಗೆ ತೋರಿಸಿ, ಐದು ವರ್ಷಕ್ಕೆ ನವೀಕರಿಸಬೇಕು. ಅಣ್ಣ ಗಾಡಿ ತೊಳೆಸಿ, ಲೈಟು ಹಾರ್ನು ಎಲ್ಲ ಸರಿ ಮಾಡಿಸಿಕೊಂಡು ಹೋದರು. ಇನ್‌ಸ್ಪೆಕ್ಟರ್ ಬಾನೆಟ್ ತೆರೆಯುವ ಮೊದಲೇ ಚಕ್ರ ನೋಡಿದರು. ಟಯರು ಮಡ್‌ಗಾರ್ಡ್‌ನಿಂದ ಹೊರಗೆ ಇಣುಕುತ್ತಿತ್ತು. "ಕಂಪನಿ ಚಕ್ರ ಹಾಕ್ಕೊಂಡು ಬನ್ನಿ" ಅಂತ ವಾಪಸ್ ಕಳಿಸಿದರು.

ಅಣ್ಣ ಸಿಟ್ಟಿನಿಂದ ನನಗೆ ಫೋನ್ ಮಾಡಿದರು. "ನೀನು ದಿನಾ ವೆಲ್ಡಿಂಗ್ ನೋಡೋನು ಮಾರಾಯ, ಬಂದು ನೋಡಿ ಹೇಳು. ಇದು ಗಟ್ಟಿ ಇದೆಯೋ ಇಲ್ವೋ?" ನಾನು ಪೀಣ್ಯದ ಒಂದು ಫ್ಯಾಬ್ರಿಕೇಶನ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ತಪಾಸಣೆ ಮಾಡುವವನು. ರಜೆಗೆ ಊರಿಗೆ ಹೋಗುವಾಗ ಓರೆ ಅಳೆಯುವ ಡಯಲ್ ಗೇಜು ಮತ್ತು ಡಿಪಿ (ಡೈ ಪೆನಿಟ್ರಂಟ್, ಬಣ್ಣ ಹಾಕಿ ಬಿರುಕು ಹುಡುಕುವ) ಟೆಸ್ಟಿನ ಮೂರು ಡಬ್ಬಿ ಚೀಲಕ್ಕೆ ಹಾಕಿಕೊಂಡೆ.

ಏನು ಮಾಡಿಸಿದ್ದರು

ಜಿಪ್ಸಿಯ ಕಂಪನಿ ಟಯರು 205/70 ಆರ್15. ಅಂದರೆ ಟಯರಿನ ಅಗಲ 205 ಮಿಲಿಮೀಟರ್, ಪಕ್ಕದ ಎತ್ತರ ಆ ಅಗಲದ ನೂರಕ್ಕೆ 70, ರಿಮ್ಮಿನ ವ್ಯಾಸ 15 ಇಂಚು. ರಿಮ್ಮಿನ ಅಗಲ ಐದೂವರೆ ಇಂಚು. ಅಣ್ಣನಿಗೆ ಬೇಕಿದ್ದದ್ದು 235/75 ಆರ್15, ಅಂದರೆ ಎತ್ತರವೂ ಜಾಸ್ತಿ, ಅಗಲವೂ ಜಾಸ್ತಿ. ಈ ಟಯರನ್ನು ಐದೂವರೆ ಇಂಚಿನ ರಿಮ್ಮಿಗೆ ಹಾಕುವ ಹಾಗಿಲ್ಲ. ಅದಕ್ಕೆ ಟಯರು ಕಂಪನಿಗಳು ಹೇಳುವ ರಿಮ್ ಅಗಲ ಆರರಿಂದ ಎಂಟು ಇಂಚು. ಹಾಗಾಗಿ ಒಂದು ಲೇತ್ ಅಂಗಡಿಯಲ್ಲಿ ಹಳೇ ರಿಮ್ಮುಗಳನ್ನೇ ಅಗಲ ಮಾಡಿಸಿದರು.

ಕೆಲಸ ಹೀಗಿರುತ್ತದೆ. ರಿಮ್ಮಿನ ನಡುವೆ ತಗ್ಗಾದ ಒಂದು ಭಾಗ ಇರುತ್ತದೆ, ಟಯರು ಏರಿಸುವಾಗ ಬೀಡು, ಅಂದರೆ ಟಯರಿನ ಒಳ ಅಂಚು, ಜಾರಿ ಕೂರುವ ಜಾಗ. ಅಲ್ಲಿ ರಿಮ್ಮನ್ನು ಸುತ್ತಲೂ ಕೊಯ್ದು ಎರಡು ಭಾಗ ಮಾಡುತ್ತಾರೆ. ನಡುವೆ ಕಬ್ಬಿಣದ ಪಟ್ಟಿಯನ್ನು ಬಳೆಯಾಗಿ ಬಾಗಿಸಿ ಇಡುತ್ತಾರೆ. ಎರಡೂ ಕಡೆ ಸುತ್ತಲೂ ವೆಲ್ಡ್ ಮಾಡುತ್ತಾರೆ. ಆಮೇಲೆ ಗ್ರೈಂಡರ್ ಹಿಡಿದು ನುಣ್ಣಗೆ ಮಾಡಿ, ಕಪ್ಪು ಬಣ್ಣ ಹೊಡೆಯುತ್ತಾರೆ. ನೋಡಲು ಅಂದವಾಗಿಯೇ ಇರುತ್ತದೆ.

ಇಲ್ಲಿ ಹಾಕಿದ್ದು ಎರಡೂವರೆ ಇಂಚಿನ ಪಟ್ಟಿ. ರಿಮ್ಮು ಎಂಟು ಇಂಚಾಯಿತು. ಆ ಟಯರಿಗೆ ಆರು ಇಂಚೇ ಸಾಕಿತ್ತು, ಎಂಟು ಅದರ ಕಟ್ಟಕಡೆಯ ಮಿತಿ. ಯಾಕೆ ಎಂಟು ಅಂತ ಕೇಳಿದೆ. "ಎಲ್ಲರೂ ಅಷ್ಟೇ ಮಾಡಿಸ್ತಾರೆ, ನೋಡೋಕೆ ಚೆನ್ನಾಗಿರುತ್ತೆ ಅಂದ್ರು." ಅಷ್ಟೇ ಕಾರಣ.

ಪಟ್ಟಿಯನ್ನು ಪೂರ್ತಿ ಹೊರಮಗ್ಗುಲಿಗೇ ಸೇರಿಸಿದ್ದರು. ಒಳಗಡೆ ಲೀಫ್ ಸ್ಪ್ರಿಂಗು, ಸ್ಟೀರಿಂಗ್ ರಾಡು ಇರುವುದರಿಂದ ಬೇರೆ ದಾರಿ ಇರಲಿಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಗಾಡಿ ಹೇಳುತ್ತಿದ್ದ ದೂರು

ಅಣ್ಣ "ಎಲ್ಲ ಚೆನ್ನಾಗಿದೆ" ಅಂದರು. ಕೇಳುತ್ತಾ ಹೋದ ಹಾಗೆ ಒಂದೊಂದೇ ಹೊರಬಂತು. ಎಡ ಹಿಂದಿನ ಚಕ್ರದಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಟಯರು ನೀರಿಗೆ ಅದ್ದಿ ನೋಡಿದರೆ ಮೊಳೆ ಇಲ್ಲ, ಏನಿಲ್ಲ. ಕೊನೆಗೆ ಟ್ಯೂಬ್‌ಲೆಸ್ ಟಯರಿನೊಳಗೆ ಟ್ಯೂಬು ಹಾಕಿಸಿದರು. ಗಾಳಿ ನಿಂತಿತು, ಮರೆತುಬಿಟ್ಟರು. 60ರ ವೇಗ ದಾಟಿದರೆ ಸ್ಟೀರಿಂಗು ನಡುಗುತ್ತಿತ್ತು. ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ. ಮುಂದಿನ ಚಕ್ರದ ಬೇರಿಂಗು ಒಮ್ಮೆ ಬದಲಾಗಿತ್ತು. ಗುಂಡಿಗೆ ಒಂದೇ ಚಕ್ರ ಇಳಿದರೆ ಸ್ಟೀರಿಂಗು ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಎಳೆಯುತ್ತಿತ್ತು.

ಇದೆಲ್ಲ ಬೇರೆ ಬೇರೆ ರಿಪೇರಿ ಅಂತ ಅವರು ಅಂದುಕೊಂಡಿದ್ದರು. ನನ್ನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಎಲ್ಲವೂ ಒಂದೇ ಕಡೆಯಿಂದ ಬಂದವು.

ಮೊದಲು ಎಳೆತದ ವಿಷಯ. ಸ್ಟೀರಿಂಗು ತಿರುಗಿಸಿದಾಗ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ಹೊರಳುವುದು ಕಿಂಗ್‌ಪಿನ್ ಅನ್ನುವ ಗೂಟದ ಸುತ್ತ. ಆ ಕಿಂಗ್‌ಪಿನ್ನಿನ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಒಂದು ಕಡೆ ಮುಟ್ಟುತ್ತದೆ. ಟಯರಿನ ನಡುಗೆರೆ ಅಲ್ಲಿಂದ ಎಷ್ಟು ದೂರವೋ ಅಷ್ಟು ಉದ್ದದ ಸನ್ನೆ ನಿಮ್ಮ ಸ್ಟೀರಿಂಗಿನ ಮೇಲೆ ಕೆಲಸ ಮಾಡುತ್ತದೆ. ಎರಡೂವರೆ ಇಂಚು ಅಂದರೆ 63.5 ಮಿಲಿಮೀಟರ್. ಅಷ್ಟನ್ನೂ ಹೊರಗೇ ಸೇರಿಸಿದರೆ ಟಯರಿನ ನಡುಗೆರೆ ಅದರ ಅರ್ಧ, ಸುಮಾರು 32 ಮಿಲಿಮೀಟರ್ ಹೊರಗೆ ಸರಿಯುತ್ತದೆ. ಗುಂಡಿಯ ಹೊಡೆತ ಆ ಉದ್ದನೆ ಸನ್ನೆ ಹಿಡಿದು ಎಳೆಯುತ್ತದೆ. ಗಾಡಿಯ ಭಾರವೂ ಬೇರಿಂಗಿನ ಮೇಲೆ ನೇರ ಕೂರದೆ ಓರೆಯಾಗಿ ಕೂರುತ್ತದೆ. ಹಬ್ ಬೇರಿಂಗು, ಕಿಂಗ್‌ಪಿನ್ ಬೇರಿಂಗು ಬೇಗ ಸವೆಯುವುದು ಹೀಗೆ. ಜ್ಯಾಕ್ ಎತ್ತಿ ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದೆ. ಕಿಂಗ್‌ಪಿನ್ ಕಟಕಟ ಅಂದಿತು.

ಈ ವಿಷಯ ರಿಮ್ ಅಗಲ ಮಾಡಿಸಿದವರಿಗಷ್ಟೇ ಅಲ್ಲ, ಸ್ಪೇಸರ್ (ಚಕ್ರ ಹೊರಗೆ ಸರಿಯಲಿ ಅಂತ ರಿಮ್ಮಿನ ಹಿಂದೆ ಇಡುವ ಬಿಲ್ಲೆ) ಹಾಕಿಸಿದವರಿಗೂ ಅನ್ವಯ. ಅಂಗಡಿಯವರು "ಎಷ್ಟು ಇಂಚು ಅಗಲ" ಅಂತ ಮಾತ್ರ ಹೇಳುತ್ತಾರೆ. ಕೇಳಬೇಕಾದದ್ದು "ನಡುಗೆರೆ ಎಷ್ಟು ಸರಿಯುತ್ತೆ" ಅಂತ.

ಇನ್ನು ಎತ್ತರ. 205/70 ಆರ್15 ಟಯರಿನ ವ್ಯಾಸ 668 ಮಿಲಿಮೀಟರ್. 235/75 ಆರ್15ರದ್ದು ಸುಮಾರು 733. ನೂರಕ್ಕೆ ಹತ್ತಿರ ಹತ್ತಿರ ಹತ್ತು ಜಾಸ್ತಿ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜಕ್ಕೂ 66ರಲ್ಲಿ ಇರುತ್ತದೆ. ಅದೇ ಬ್ರೇಕು, ದೊಡ್ಡ ಚಕ್ರ. ನಿಲ್ಲಿಸಲು ನೂರಕ್ಕೆ ಹತ್ತು ಹೆಚ್ಚು ಬಲ ಬೇಕು. ಏರಿನಲ್ಲಿ ಎಳೆತವೂ ಅಷ್ಟೇ ಕಮ್ಮಿ. 1300 ಸಿಸಿ ಎಂಜಿನ್ನಿಗೆ ಘಾಟಿಯಲ್ಲಿ ಇದು ಚೆನ್ನಾಗಿಯೇ ಗೊತ್ತಾಗುತ್ತದೆ. "ಎರಡನೇ ಗೇರಿನಲ್ಲಿ ಹತ್ತುತ್ತಿದ್ದದ್ದು ಈಗ ಒಂದಕ್ಕೆ ಬರ್ತದೆ" ಅಂತ ಅಣ್ಣನೇ ಒಪ್ಪಿಕೊಂಡರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಗಲ ಟಯರು ಕೆಸರಿಗೆ ಒಳ್ಳೆಯದು ಅನ್ನುವುದು ಮಲೆನಾಡಿನಲ್ಲಿ ಅರ್ಧ ನಿಜ. ಸಡಿಲ ಮರಳಿನಲ್ಲಿ, ಆಳದ ಹೂಳಿನಲ್ಲಿ ಅಗಲ ಟಯರು ತೇಲುತ್ತದೆ, ಸರಿ. ನಮ್ಮ ತೋಟದ ದಾರಿ ಹಾಗಲ್ಲ. ಮೇಲೆ ನಾಲ್ಕು ಬೆರಳು ಜಾರು ಮಣ್ಣು, ಕೆಳಗೆ ಗಟ್ಟಿ ನೆಲ. ಅಲ್ಲಿ ಸಪೂರ ಟಯರು ಕೆಸರು ಸೀಳಿ ನೆಲ ಹಿಡಿಯುತ್ತದೆ. ಹಳೇ ಜೀಪಿನವರು ಸಪೂರ ಟಯರಿಗೆ ಚೈನು ಸುತ್ತಿ ಮಳೆಗಾಲ ಕಳೆಯುತ್ತಿದ್ದದ್ದು ಸುಮ್ನೆ ಅಲ್ಲ. ಈ ಜಿಪ್ಸಿಗೆ ಈಗ ಚೈನು ಸುತ್ತಲು ಜಾಗವೇ ಇಲ್ಲ, ಮಡ್‌ಗಾರ್ಡಿಗೆ ತಾಗುತ್ತದೆ. ಡಾಂಬರಿನ ಮೇಲೆ ಮಳೆನೀರು ನಿಂತಾಗ ಅಗಲ ಟಯರು ನೀರಿನ ಮೇಲೆ ಬೇಗ ತೇಲುತ್ತದೆ, ಅದು ಇನ್ನೊಂದು. ಜುಲೈನಲ್ಲಿ ಚಾರ್ಮಾಡಿ ಘಾಟಿಯ ಮೇಲಿನ ಕೊಟ್ಟಿಗೆಹಾರ ದಾಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೆಂಪು ಗೆರೆ

ನಾಲ್ಕೂ ಚಕ್ರ ಬಿಚ್ಚಿ ಟಯರು ಇಳಿಸಿದೆವು. ಪೇಂಟು ತೆಗೆದೆವು. ಮೊದಲು ಡಯಲ್ ಗೇಜು ಇಟ್ಟು ಹಬ್ಬಿನ ಮೇಲೇ ತಿರುಗಿಸಿ ನೋಡಿದೆ. ಎರಡು ರಿಮ್ಮುಗಳ ಹೊರ ಅಂಚು ಮೂರು ಮಿಲಿಮೀಟರಿಗಿಂತ ಜಾಸ್ತಿ ಓಲಾಡುತ್ತಿತ್ತು. ಒಳ ಅಂಚು ಮಾತ್ರ ನೆಟ್ಟಗಿತ್ತು. ಅದು ಕಂಪನಿ ಮಾಡಿದ ಭಾಗ ಅಲ್ವಾ. ವೆಲ್ಡ್ ಮಾಡುವಾಗ ಬಿಸಿಗೆ ಲೋಹ ಎಳೆದುಕೊಳ್ಳುತ್ತದೆ. ಗಟ್ಟಿಯಾದ ಫಿಕ್ಸ್ಚರಿನಲ್ಲಿ ಹಿಡಿದು, ಎದುರುಬದುರು ತುಣುಕು ತುಣುಕಾಗಿ ಹಾಕುತ್ತಾ ಹೋಗದಿದ್ದರೆ ಬಳೆ ಓರೆಯಾಗಿಯೇ ನಿಲ್ಲುತ್ತದೆ. ಸ್ಟೀರಿಂಗಿನ ನಡುಕಕ್ಕೆ ಇದೊಂದೇ ಸಾಕಿತ್ತು. ಓರೆ ಇರುವ ಚಕ್ರಕ್ಕೆ ಎಷ್ಟು ಸೀಸ ಅಂಟಿಸಿದರೂ ಬ್ಯಾಲೆನ್ಸಿಂಗ್ ಯಂತ್ರ ಓರೆಯನ್ನು ನೆಟ್ಟಗೆ ಮಾಡುವುದಿಲ್ಲ.

ಆಮೇಲೆ ಡಿಪಿ. ಮೊದಲ ಡಬ್ಬಿಯಿಂದ ಜಾಗ ತೊಳೆದು, ಎರಡನೆಯದರಿಂದ ಕೆಂಪು ಬಣ್ಣ ಹೊಡೆದು ಸ್ವಲ್ಪ ಹೊತ್ತು ಬಿಡಬೇಕು. ಬಿರುಕು ಇದ್ದರೆ ಬಣ್ಣ ಒಳಗೆ ಇಳಿಯುತ್ತದೆ. ಮೇಲಿನ ಬಣ್ಣ ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ ಒಳಗಿಳಿದ ಕೆಂಪು ಹೊರಗೆ ಬಂದು ಗೆರೆ ತೋರಿಸುತ್ತದೆ. ಎಡ ಹಿಂದಿನ ರಿಮ್ಮಿನಲ್ಲಿ ವೆಲ್ಡಿನ ಅಂಚಿಗೆ ಹೊಂದಿಕೊಂಡು ಸುಮಾರು ನಾಲ್ಕು ಸೆಂಟಿಮೀಟರ್ ಗೆರೆ ಎದ್ದಿತು. ಅದರ ಪಕ್ಕದಲ್ಲಿ ಚುಕ್ಕೆ ಚುಕ್ಕೆ, ಗಾಳಿಗುಳ್ಳೆಗಳು. ಗಾಳಿ ಸೋರುತ್ತಿದ್ದದ್ದು ಅದೇ ಚಕ್ರ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗಾಳಿ ಇಳಿಯುವುದು ಆ ರಿಮ್ಮಿಗಿದ್ದ ಒಂದೇ ಬಾಯಿ. ವೆಲ್ಡಿನಲ್ಲಿ ದಾರಿ ಬಿಟ್ಟುಕೊಂಡಿದೆ ಅಂತ ಅದು ತಿಂಗಳುಗಟ್ಟಲೆ ಹೇಳುತ್ತಿತ್ತು. ಟ್ಯೂಬು ಹಾಕಿದ ಮೇಲೆ ಆ ಬಾಯಿ ಮುಚ್ಚಿತು. ಬಿರುಕು ಮುಚ್ಚಲಿಲ್ಲ. ಅಗಲ ಮಾಡಿಸಿದ ರಿಮ್ಮಿಗೆ ಟ್ಯೂಬು ಹಾಕಿ ಅಂತ ಯಾರಾದರೂ ಸಲಹೆ ಕೊಟ್ಟರೆ, ಆ ರಿಮ್ಮನ್ನೇ ತೆಗೆದಿಡಿ. ಈ ಇಡೀ ಪ್ರಕರಣದಲ್ಲಿ ನನಗೆ ಭಯ ಹುಟ್ಟಿಸಿದ್ದು ಆ ಟ್ಯೂಬು.

ಅಣ್ಣ ಒಳ್ಳೆಯ ಪ್ರಶ್ನೆ ಕೇಳಿದರು. "ಕಂಪನಿ ರಿಮ್ಮು ಕೂಡ ವೆಲ್ಡ್ ಮಾಡಿದ್ದೇ ಅಲ್ವಾ? ಅದು ಯಾಕೆ ಬಿರಿಯೋದಿಲ್ಲ?" ಹೌದು, ಅದೂ ವೆಲ್ಡೇ. ತಗಡನ್ನು ಸುರುಳಿ ಸುತ್ತಿ, ಎರಡು ತುದಿ ಸೇರಿಸಿ ಬೆಸೆಯುತ್ತಾರೆ. ಆಮೇಲೆ ರೋಲರಿನಲ್ಲಿ ಒತ್ತಿ ಆಕಾರ ಕೊಡುತ್ತಾರೆ. ಆ ಒತ್ತಡ ತಡೆಯದ ಬೆಸುಗೆ ಕಾರ್ಖಾನೆಯಲ್ಲೇ ಬಿರಿದು ಗುಜರಿಗೆ ಹೋಗುತ್ತದೆ. ಆ ಬೆಸುಗೆ ರಿಮ್ಮಿಗೆ ಅಡ್ಡಲಾಗಿ ಒಂದೇ ಗೆರೆ. ನಮ್ಮ ಲೇತ್ ಕೆಲಸದಲ್ಲಿ ಬೆಸುಗೆ ಸುತ್ತಲೂ ಇದೆ, ಅದೂ ಎರಡು. ರಿಮ್ಮಿನ ಹೊರ ಅರ್ಧ ಪೂರ್ತಿ ಆ ಬೆಸುಗೆಗೇ ನೇತುಬಿದ್ದಿದೆ. ತಿರುವಿನಲ್ಲಿ ಟಯರು ಹೊರ ಅಂಚನ್ನು ಪಕ್ಕಕ್ಕೆ ಒತ್ತುವಾಗ ಆ ಒತ್ತಡ ದಾಟಿ ಹೋಗಬೇಕಾದದ್ದು ಅದೇ ಬೆಸುಗೆಯ ಮೂಲಕ.

ಅದೂ ಒಂದು ಸಲ ಅಲ್ಲ. ಈ ಟಯರು ಒಂದು ಸುತ್ತಿಗೆ 2.3 ಮೀಟರ್ ಹೋಗುತ್ತದೆ. ಒಂದು ಕಿಲೋಮೀಟರಿಗೆ ಸುಮಾರು 434 ಸುತ್ತು. ಹತ್ತು ಸಾವಿರ ಕಿಲೋಮೀಟರಿಗೆ 43 ಲಕ್ಷ ಸುತ್ತು. ಪ್ರತಿ ಸುತ್ತಿಗೂ ಬೆಸುಗೆಯ ಪ್ರತಿ ಬಿಂದು ಒಂದು ಸಲ ಬಾಗಿ ಮತ್ತೆ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಲೆಕ್ಕ, ಸ್ವಲ್ಪ ನಿಧಾನ. ಕಾರಿನ ಚಕ್ರ ಮಾಡುವವರು ಇದಕ್ಕೇ ಐಎಸ್‌ಒ 3006 ಥರದ ಮಾನದಂಡ ಹಿಡಿದು ಪರೀಕ್ಷೆ ಮಾಡುತ್ತಾರೆ. ತಿರುವಿನ ಬಾಗುವ ಹೊರೆ ಕೊಟ್ಟು ಒಂದು, ಮೇಲಿನಿಂದ ಭಾರ ಹೇರಿ ಉರುಳಿಸಿ ಇನ್ನೊಂದು. ಲಕ್ಷಗಟ್ಟಲೆ ಸುತ್ತು ತಿರುಗಿಸಿ ಬಿರುಕು ಹುಡುಕುತ್ತಾರೆ. ಅಗಲ ಮಾಡಿದ ಕ್ಷಣಕ್ಕೆ ಆ ಪರೀಕ್ಷೆಯ ಬೆಲೆ ಸೊನ್ನೆ. ಅದು ಪರೀಕ್ಷೆಯಾದ ಚಕ್ರವೇ ಅಲ್ಲ.

ಉಳಿದ ಮೂರರಲ್ಲಿ ಡಿಪಿ ಏನೂ ತೋರಿಸಲಿಲ್ಲ. ಅಣ್ಣನ ಮುಖ ಅರಳಿತು. ನಾನು ತಣ್ಣೀರು ಎರಚಬೇಕಾಯಿತು. ಡಿಪಿ ತೋರಿಸುವುದು ಮೇಲ್ಮೈಗೆ ಬಾಯಿ ತೆರೆದ ಬಿರುಕು ಮಾತ್ರ. ಒಳಗೆ ಬೆಸುಗೆ ಕೂಡದೆ ಟೊಳ್ಳು ಉಳಿದಿದ್ದರೆ ಅದಕ್ಕೆ ಎಕ್ಸ್‌ರೇ ಬೇಕು, ಇಲ್ಲ ಅಲ್ಟ್ರಾಸೋನಿಕ್ ಬೇಕು. ಮೇಲಾಗಿ ಇಲ್ಲಿ ದಪ್ಪ ಪಟ್ಟಿಯನ್ನು ತೆಳು ರಿಮ್ಮಿಗೆ ಸೇರಿಸಿದ್ದರು. ದಪ್ಪ ತೆಳು ಸೇರುವ ಅಂಚಿನಲ್ಲೇ ಒತ್ತಡ ಗುಂಪುಗೂಡುತ್ತದೆ. ಅಲ್ಲೇ ಗ್ರೈಂಡರ್ ಓಡಿಸಿ ಇನ್ನೂ ತೆಳ್ಳಗೆ ಮಾಡಿದ್ದರು. ಚೆಂದಕ್ಕೆ ಮಾಡಿದ ಕೆಲಸ, ಕೆಟ್ಟ ಜಾಗದಲ್ಲಿ.

ಹಾಗಾದರೆ ರಿಮ್ ಅಗಲ ಮಾಡುವ ಕೆಲಸವೇ ತಪ್ಪಾ? ನಾನು ಹಾಗೆ ಹೇಳುವುದಿಲ್ಲ. ಒಳ್ಳೆಯ ಫಿಕ್ಸ್ಚರು, ಕೈ ಪಳಗಿದ ವೆಲ್ಡರು, ಸರಿಯಾದ ತಗಡು, ಆಮೇಲೆ ಎಕ್ಸ್‌ರೇ ಇದ್ದರೆ ಗಟ್ಟಿ ರಿಮ್ಮು ಮಾಡಬಹುದು. ಆದರೆ ಅಷ್ಟೆಲ್ಲ ಮಾಡಿಸುವ ದುಡ್ಡಿಗೆ ಹೊಸ ಅಗಲ ರಿಮ್ಮೇ ಬರುತ್ತದೆ. ಅಗ್ಗ ಅಂತ ತಾನೇ ಜನ ಲೇತಿಗೆ ಹೋಗುವುದು?

ಕಾನೂನಿನ ಮಾತು

ಇಲ್ಲಿ ಅಣ್ಣ ವಕೀಲರಾದರು. ಆರ್‌ಸಿ ತಂದು ನನ್ನ ಮುಂದೆ ಇಟ್ಟು, "ಇದರಲ್ಲಿ ಟಯರ್ ಸೈಜು ಎಲ್ಲಿದೆ ತೋರಿಸು" ಅಂದರು. ನಿಜ, ಖಾಸಗಿ ಗಾಡಿಯ ಆರ್‌ಸಿಯಲ್ಲಿ ಅದು ಇರುವುದಿಲ್ಲ. ಲಾರಿ ಬಸ್ಸಿನಂಥ ಸಾರಿಗೆ ವಾಹನಗಳಿಗೆ ಮಾತ್ರ ಟಯರಿನ ವಿವರ ದಾಖಲಾಗುತ್ತದೆ. ಬರೆಯದೇ ಇರುವುದನ್ನು ಬದಲಾಯಿಸಿದರೆ ತಪ್ಪು ಹೇಗೆ ಅನ್ನುವುದು ಅವರ ವಾದ.

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಹೇಳುವುದು ಇಷ್ಟು: ಆರ್‌ಸಿಯ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಬೇರೆಯಾಗುವ ಹಾಗೆ ಮಾಲೀಕ ಗಾಡಿಯನ್ನು ಮಾರ್ಪಡಿಸಬಾರದು. ಮಾರ್ಪಾಡು ಅಂದರೆ ಗಾಡಿಯ ರಚನೆಯಲ್ಲಿ ಬದಲಾವಣೆ ಆಗಿ ಅದರ ಮೂಲ ಲಕ್ಷಣವೇ ಬದಲಾಗುವುದು ಅಂತ ಅದೇ ಸೆಕ್ಷನ್ ವಿವರಿಸುತ್ತದೆ. ಚಕ್ರ ಬದಲಾಯಿಸಿದರೆ ಮೂಲ ಲಕ್ಷಣ ಬದಲಾಯಿತಾ? ಈ ಒಂದೇ ಸಾಲು ಹಿಡಿದರೆ ವಾದ ಮಾಡಲು ಜಾಗ ಇದೆ, ಒಪ್ಪುತ್ತೇನೆ.

ಆದರೆ ಎರಡು ಸಂಗತಿ ಆ ಜಾಗವನ್ನು ಕಿರಿದು ಮಾಡಿವೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಕೆ. ಜಯಚಂದ್ರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವ ಹಾಗಿಲ್ಲ ಎಂದಿತು. ಬಣ್ಣ ಬದಲಿಸುವಂಥ ಸಣ್ಣಪುಟ್ಟದ್ದು ನಡೆಯುತ್ತದೆ. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು 182ಎ ಸೆಕ್ಷನ್ ಸೇರಿತು. ಅದರ ನಾಲ್ಕನೇ ಉಪವಿಭಾಗ ನೇರ ಮಾಲೀಕನಿಗೇ. ಕಾಯ್ದೆ, ನಿಯಮ ಒಪ್ಪದ ರೀತಿಯಲ್ಲಿ ಗಾಡಿ ಮಾರ್ಪಡಿಸಿದರೆ, ಬಿಡಿಭಾಗ ಬದಲಾಯಿಸಿ ಹಾಕಿದ್ದೂ ಸೇರಿ, ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡೂ. "ಪ್ರತಿ ಮಾರ್ಪಾಡಿಗೆ" ಅನ್ನುವುದನ್ನು ಗಮನಿಸಿ. ವೆಲ್ಡ್ ಮಾಡಿದವನು ಈ ಉಪವಿಭಾಗದಲ್ಲಿ ಇಲ್ಲ. ಗಾಡಿ ಯಾರ ಹೆಸರಿನಲ್ಲಿದೆಯೋ ಅವರು ಇದ್ದಾರೆ.

ಜರ್ಮನಿಯಲ್ಲಿ ಬೇರೆ ಅಳತೆಯ ಚಕ್ರ ಹಾಕಿಸಿದವರು ಗಾಡಿಯನ್ನು ಅಧಿಕೃತ ತಜ್ಞರಿಗೆ ತೋರಿಸಿ, ಒಪ್ಪಿಗೆ ಪಡೆದು ಗಾಡಿಯ ಕಾಗದದಲ್ಲಿ ಬರೆಸಿಕೊಳ್ಳುವ ದಾರಿ ಇದೆ. ನಮ್ಮ ಆರ್‌ಟಿಒದಲ್ಲಿ ವೆಲ್ಡ್ ಮಾಡಿದ ರಿಮ್ಮು ಹೊತ್ತುಕೊಂಡು ಹೋಗಿ ಪಾಸು ಮಾಡಿಸಿಕೊಳ್ಳುವ ಕೌಂಟರ್ ಇಲ್ಲ. ಹಾಗಾಗಿ "ಪರ್ಮಿಷನ್ ತಗೊಂಡು ಓಡಿಸ್ತೀನಿ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ನನ್ನನ್ನು ಕೇಳಿದರೆ ದಂಡಕ್ಕಿಂತ ದೊಡ್ಡ ತಲೆನೋವು ಇನ್ಶೂರೆನ್ಸ್. ಗಾಡಿಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು ಅನ್ನುವ ಷರತ್ತು ಪ್ರತಿ ಮೋಟಾರು ಪಾಲಿಸಿಯಲ್ಲೂ ಇರುತ್ತದೆ. ಚಕ್ರ ಬಿರಿದು ಅಪಘಾತ ಆದರೆ ಸರ್ವೇಯರ್ ಮೊದಲು ಫೋಟೋ ತೆಗೆಯುವುದೇ ಆ ಬೆಸುಗೆಯದ್ದು. ಸ್ವಂತ ಗಾಡಿಯ ನಷ್ಟದ ಕ್ಲೇಮು ಅಲ್ಲಿಗೆ ಕಷ್ಟ. ಎದುರಿನವರಿಗೆ ಪೆಟ್ಟಾದರೆ ಥರ್ಡ್ ಪಾರ್ಟಿ ವಿಮೆಯಿಂದ ಅವರಿಗೆ ದುಡ್ಡು ಸಿಗಬಹುದು. ಆದರೆ ಪಾಲಿಸಿ ಷರತ್ತು ಮುರಿದದ್ದು ಸಾಬೀತಾದರೆ ಕಂಪನಿ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಲು ಕೋರ್ಟು ದಾರಿ ಬಿಟ್ಟುಕೊಟ್ಟ ಪ್ರಕರಣಗಳಿವೆ. ಇದನ್ನು ಹೇಳಿದ ಮೇಲೆ ಅಣ್ಣ ಆರ್‌ಸಿ ಮಡಚಿ ಒಳಗಿಟ್ಟರು.

ಮುಂದೆ ಏನು ಮಾಡಿದೆವು

ಮೂರು ದಾರಿ ಇದ್ದವು. ಒಂದು, ಅಂಗಡಿಯಲ್ಲಿ ಸಿಗುವ ಏಳು ಇಂಚಿನ ರೆಡಿಮೇಡ್ ರಿಮ್ಮು. ಜಿಪ್ಸಿಯ ಐದು ನಟ್ಟಿನ ಪಿಸಿಡಿ, ಅಂದರೆ ನಟ್ಟುಗಳು ಕೂರುವ ವೃತ್ತದ ವ್ಯಾಸ, 139.7 ಮಿಲಿಮೀಟರ್. ಬೊಲೆರೊ, ಹಳೇ ಥಾರ್‌ಗಳದ್ದೂ ಅದೇ, ಹಾಗಾಗಿ ಸಿಗುವುದು ಕಷ್ಟ ಅಲ್ಲ. ಬಿರುಕಿನ ಭಯ ಹೋಗುತ್ತದೆ, ಆದರೆ ನಡುಗೆರೆಯ ತೊಂದರೆ, ಕಾನೂನಿನ ತೊಂದರೆ ಹಾಗೇ ಉಳಿಯುತ್ತವೆ.

ಎರಡು, ಕಂಪನಿ ರಿಮ್ಮಿಗೇ 215/75 ಆರ್15 ಟಯರು. ಬೊಲೆರೊಗೆ ಬರುವ ಸೈಜು. ಐದೂವರೆ ಇಂಚಿನ ರಿಮ್ಮಿಗೆ ಮಿತಿಯ ಅಂಚಿನಲ್ಲಿ ಹೊಂದುತ್ತದೆ. ವ್ಯಾಸ ನೂರಕ್ಕೆ ಐದರಷ್ಟು ಜಾಸ್ತಿ. ಎಷ್ಟೋ ಜಿಪ್ಸಿಯವರು ಇದನ್ನೇ ಹಾಕಿಕೊಂಡಿದ್ದಾರೆ. ಸುರಕ್ಷತೆಯ ದೃಷ್ಟಿಯಿಂದ ನನಗೆ ಇದರ ಮೇಲೆ ದೊಡ್ಡ ತಕರಾರಿಲ್ಲ. ಕಾನೂನಿನ ಪ್ರಕಾರ ಅದು ಜಿಪ್ಸಿಗೆ ಕಂಪನಿ ಕೊಟ್ಟ ಸೈಜು ಅಲ್ಲ.

ಮೂರು, ಕಂಪನಿ ರಿಮ್ಮು, ಕಂಪನಿ ಟಯರು.

ಅಣ್ಣನ ಮನಸ್ಸು ಎರಡನೆಯದರ ಕಡೆ ಇತ್ತು. ನಾನು ಮೂರನೆಯದಕ್ಕೆ ಒತ್ತಾಯ ಮಾಡಿದೆ. ನವೀಕರಣ ಬಾಕಿ ಇರುವ ಗಾಡಿ ಇಟ್ಟುಕೊಂಡು ಇನ್‌ಸ್ಪೆಕ್ಟರ್ ಮುಂದೆ ಮತ್ತೆ ಚರ್ಚೆ ಯಾಕೆ? ಜೊತೆಗೆ ಮಳೆಗಾಲಕ್ಕೆ ಚೈನು ಸುತ್ತುವ ಆಸೆ ಅವರಿಗೂ ಇತ್ತು. ಕೊನೆಗೆ ಹಾಸನದ ಒಬ್ಬರ ಹತ್ತಿರ ನಾಲ್ಕು ಹಳೇ ಜಿಪ್ಸಿ ರಿಮ್ಮು ಸಿಕ್ಕವು. ಕೊಳ್ಳುವ ಮೊದಲು ಒಂದೊಂದನ್ನೂ ತಿರುಗಿಸಿ ಗೇಜು ಇಟ್ಟು ನೋಡಿದೆವು. ಒಂದು ಬಾಗಿತ್ತು, ಬಿಟ್ಟೆವು. ಅದರ ಬದಲು ಅಣ್ಣನ ಸ್ಟೆಪ್ನಿಯನ್ನೇ ಬಳಸಿದೆವು. ಅದೊಂದನ್ನು ಲೇತಿನವರು ಮುಟ್ಟಿರಲಿಲ್ಲ. ಕಿಂಗ್‌ಪಿನ್ ಬೇರಿಂಗು ಹೊಸದು ಹಾಕಿ ಅಲೈನ್‌ಮೆಂಟ್ ಮಾಡಿಸಿದ ಮೇಲೆ ನಡುಕ ಹೋಯಿತು. ನವೀಕರಣವೂ ಆಯಿತು.

ಬೇರೆ ಗಾಡಿಯವರಿಗೆ ಈ ಪ್ರಕರಣದಿಂದ ಹೊರಡುವ ಒಂದು ದಾರಿ ಇದೆ, ಜನ ಅದನ್ನು ಬಳಸಿಕೊಳ್ಳುವುದು ಕಮ್ಮಿ. ಒಂದೇ ಮಾದರಿಯ ಕಾರಿಗೆ ಕಂಪನಿಯೇ ವೇರಿಯಂಟಿಗೆ ತಕ್ಕ ಹಾಗೆ ಬೇರೆ ಬೇರೆ ಚಕ್ರ ಕೊಟ್ಟಿರುತ್ತದೆ. ಸ್ವಿಫ್ಟ್ ನೋಡಿ. ಕಮ್ಮಿ ಬೆಲೆಯದಕ್ಕೆ 165/80 ಆರ್14, ಮೇಲಿನದಕ್ಕೆ 185/65 ಆರ್15. ಎರಡರ ವ್ಯಾಸದಲ್ಲಿ ಎರಡೇ ಮಿಲಿಮೀಟರ್ ವ್ಯತ್ಯಾಸ. ಅಗಲ ಬೇಕಿದ್ದವರು ಅದೇ ತಲೆಮಾರಿನ ಮೇಲಿನ ವೇರಿಯಂಟಿನ ರಿಮ್ಮು ಮತ್ತು ಟಯರು ಜೋಡಿಯಾಗಿ ಹಾಕಿಕೊಂಡರೆ ಸ್ಪೀಡೋಮೀಟರು, ಬೇರಿಂಗು, ಮಡ್‌ಗಾರ್ಡು ಯಾವುದಕ್ಕೂ ತೊಂದರೆ ಇಲ್ಲ. "ತಯಾರಕರು ಕೊಟ್ಟದ್ದು" ಅಂತ ತೋರಿಸಲು ಓನರ್ಸ್ ಮ್ಯಾನುಯಲ್ ಕೈಯಲ್ಲಿರುತ್ತದೆ.

ಅಗಲ ಮಾಡಿಸಿದ ನಾಲ್ಕು ರಿಮ್ಮುಗಳು ಶೆಡ್ಡಿನಲ್ಲಿ ಬಿದ್ದಿದ್ದವು. ಪಕ್ಕದ ತೋಟದ ಹುಡುಗನೊಬ್ಬ ಬಂದು, ಬಿರುಕು ಬಿಟ್ಟದ್ದು ಬೇಡ, ಉಳಿದ ಮೂರು ಕೊಡಿ, ನಾಲ್ಕನೆಯದು ಮಾಡಿಸಿಕೊಳ್ತೀನಿ ಅಂದ. ಒಳ್ಳೆಯ ರೇಟೇ ಹೇಳಿದ. ಅಣ್ಣ ಕೊಡಲಿಲ್ಲ. ಹಾಗೇ ಗುಜರಿಗೆ ಹಾಕಿದರೆ ಇನ್ನೊಂದು ಗಾಡಿಗೆ ಏರುತ್ತವೆ ಅಂತ ಗ್ಯಾಸ್ ಕಟರಿನಲ್ಲಿ ನಾಲ್ಕನ್ನೂ ಎರಡೆರಡು ಹೋಳು ಮಾಡಿಸಿ, ತೂಕಕ್ಕೆ ಹಾಕಿದರು.